ಒಂದು ಕಿವಿಯ ತೂಕ

ಶುಕ್ರವಾರ ಮಧ್ಯಾಹ್ನ ಮೂರೂವರೆ. ಗುರುಶಾಂತಪ್ಪನ ಅಂಗಡಿಯ ಕಲ್ಲುಕಟ್ಟೆಯ ಮೇಲೆ ಹುರಿದ ಶೇಂಗಾಬೀಜದಷ್ಟು ದೊಡ್ಡದೊಂದು ಕಿವಿಯಂತ್ರ. ಅದನ್ನು ಎತ್ತಲು ನಾನು ಎರಡೂ ಕೈ ಹಾಕಿ, ಒಂದು ಪಾದವನ್ನು ಕಟ್ಟೆಗೆ ಒತ್ತಿಕೊಟ್ಟು, ಹಲ್ಲು ಕಚ್ಚಿ ಎಳೆಯುತ್ತಿದ್ದೆ. ಅದು ಅಲುಗಲಿಲ್ಲ.

“ತಗೋ, ತಗೋ, ಸಂಕೋಚ ಬ್ಯಾಡ,” ಎಂದು ಗುರುಶಾಂತಪ್ಪ ಬಾಯಿತುಂಬ ಹೇಳುತ್ತಿದ್ದ. ಬಾಯಿ ತುಂಬಿತ್ತು, ಮನಸ್ಸು ತುಂಬಿರಲಿಲ್ಲ. ನಮ್ಮೂರಿನಲ್ಲಿ ಮಾರುವವನ ಮನಸ್ಸು ಬಿಡದೆ ಮಾಲು ಮೇಲೇಳುವುದಿಲ್ಲ.

ಇದಕ್ಕೆ ನಾವು ಹೊಂದಿಕೊಂಡವರು. ಅಂಗಡಿಗಳ ಕಟ್ಟೆಗಳೆಲ್ಲ ಕಲ್ಲಿನವು. ಗಾಜು ಹಾಕಿಸಿದವರು ಒಂದೇ ವಾರದಲ್ಲಿ ಬುದ್ಧಿ ಕಲಿತರು. ಅಂಗಿಯ ಕಿಸೆಗೆ ಎರಡು ಹೊಲಿಗೆ. ಚೌಕಾಸಿ ಮಾಡುವುದಕ್ಕೂ ಒಂದು ಮಿತಿ ಉಂಟು. ಮೇಲಿನೋಣಿಯ ಒಬ್ಬಾತ ಎಮ್ಮೆಯ ಬೆಲೆಯನ್ನು ಜಗ್ಗಿ ಜಗ್ಗಿ ಇಳಿಸಿದ್ದಕ್ಕೆ ಆ ಎಮ್ಮೆ ಮಾರಿದವನ ಹಿತ್ತಲಲ್ಲೇ ಮೂರು ದಿನ ಕಾಲು ಕಿತ್ತಿಡಲಾರದೆ ನಿಂತಿತ್ತು. ನಾಲ್ಕನೆಯ ದಿನ ಇನ್ನೂರು ರೂಪಾಯಿ ಹೆಚ್ಚು ಕೊಟ್ಟ ಮೇಲೆ ಬಾಲ ಬೀಸಿಕೊಂಡು ನಡೆಯಿತು. ನೋಟಿಗೂ ಅದೇ ಕಥೆ. ಕೊಡುವವನ ಮನಸ್ಸು ಬಿಡದಿದ್ದರೆ ತಗೊಂಡವನು ಆ ನೋಟನ್ನು ಗಲ್ಲಾಪೆಟ್ಟಿಗೆಯಿಂದ ಎತ್ತಲಾರ. ಶಾಲೆಯ ಫೀಸು ಕಟ್ಟುವ ವಾರದಲ್ಲಿ ಗುಮಾಸ್ತರು ರಟ್ಟೆಗೆ ಎಣ್ಣೆ ಹಚ್ಚಿಕೊಂಡು ಬರುತ್ತಾರೆ. ರೇಷನ್ ಅಕ್ಕಿ ಮಾತ್ರ ಯಾವತ್ತೂ ಹೂವಿನಷ್ಟು ಹಗುರ. ಸರ್ಕಾರಕ್ಕೆ ಬಿಡಲಿಕ್ಕೆ ಮನಸ್ಸೆಂಬುದೇ ಇಲ್ಲವಲ್ಲ.

ನಾನು ಮೌನೇಶ. ಹೆಸರು ಇಟ್ಟವರಿಗೆ ಮುಂದಿನದು ಗೊತ್ತಿರಲಿಲ್ಲ. ಬಿ.ಎ. ಮುಗಿಸಿ, ಆಟೊಗೆ ಮೈಕು ಕಟ್ಟಿಕೊಂಡು, ನಾಳೆ ನಳಕ್ಕೆ ನೀರು ಬರುವುದಿಲ್ಲ, ಕೆಂಪು ಆಕಳು ಕಳೆದಿದೆ, ಸೀರೆಗಳ ಮೇಲೆ ರಿಯಾಯಿತಿ ಉಂಟು ಎಂದು ಊರು ಸುತ್ತುವುದು ನನ್ನ ಉದ್ಯೋಗ. ಆಕಳು ಕಳೆದ ಸುದ್ದಿಯನ್ನು ಆಕಳ ದನಿಯಲ್ಲೇ ಹೇಳುತ್ತಿದ್ದೆ. ಎರಡು ಸಲ ಕರು ಓಡಿ ಬಂದದ್ದುಂಟು. ಎರಡು ವರ್ಷದ ಹಿಂದೊಮ್ಮೆ, ಚಹದಂಗಡಿಯ ಡಬ್ಬಿಯಿಂದ ‘ಹಣ ಸಂದಾಯವಾಗಿದೆ’ ಎನ್ನುವ ಹೆಂಗಸಿನ ದನಿಯನ್ನು ಮೂಗು ಹಿಡಿದು ಅನುಕರಿಸಿ, ಒಂದು ಗೊನೆ ಬಾಳೆಹಣ್ಣು ಹೊತ್ತು ತಂದಿದ್ದೆ. ಸಂಜೆ ಅಂಗಡಿಯವನಿಗೆ ಗೊತ್ತಾದ ಗಳಿಗೆಗೆ ನಮ್ಮ ಮನೆಯಲ್ಲಿ ಆ ಗೊನೆ ಮಂಚ ಮುರಿದುಕೊಂಡು ನೆಲಕ್ಕಿಳಿಯಿತು. ಮಂಚದ ಮೇಲೆ ನಮ್ಮಪ್ಪನೂ ಇದ್ದ. ಮೋಸದಿಂದ ಬಿಡಿಸಿದ ಮನಸ್ಸು ನಿಜ ತಿಳಿದ ಕೂಡಲೇ ವಾಪಸು ಹಿಡಿಯುತ್ತದೆ ಎಂಬ ಪಾಠ ನನಗೆ ಆಗಲೇ ಆಗಿತ್ತು. ಪಾಠ ಆದವರೆಲ್ಲ ಪಾಸಾಗುತ್ತಾರೆ ಅಂತೇನಿಲ್ಲ.

ಕಿವಿ ಬೇಕಾಗಿದ್ದುದು ನನ್ನ ಹೆಂಡತಿಗೆ. ಅವಳ ಹೆಸರು ಸುಲೋಚನಾ. ಕಣ್ಣು ಭೇಷಾಗಿವೆ, ನಮ್ಮ ಮಾವ ಹೆಸರಿಡುವಾಗ ಕಿವಿಗಳನ್ನೂ ಸ್ವಲ್ಪ ವಿಚಾರಿಸಬೇಕಿತ್ತು. ಬಸ್‌ನಿಲ್ದಾಣದಲ್ಲಿ ‘ವಿಚಾರಣೆ’ ಎಂದು ಬರೆದ ಕಿಟಕಿಯ ಹಿಂದೆ ಅವಳು ಹತ್ತೊಂಬತ್ತು ವರ್ಷದಿಂದ ಕೂತಿದ್ದಾಳೆ. ಬಸ್ಸಿನ ಹೊತ್ತು ಕೇಳಲು ಬಂದವರು ಮಗಳ ಹೆರಿಗೆ, ಮಂಡಿನೋವಿಗೆ ಯಾವ ಎಣ್ಣೆ, ಎಲ್ಲ ಕೇಳಿಕೊಂಡು ಹೋಗುತ್ತಾರೆ. ಯುಗಾದಿಯ ಹೊತ್ತಿಗೆ ಬಂದ ಒಂದು ಜ್ವರ ಅವಳ ಎರಡೂ ಕಿವಿಗಳನ್ನು ಅರ್ಧಕ್ಕಿಂತ ಹೆಚ್ಚು ತೆಗೆದುಕೊಂಡು ಹೋಯಿತು. ಮೂರು ತಿಂಗಳು ತುಟಿ ನೋಡಿ ಉತ್ತರ ಕೊಟ್ಟಳು. ಆಮೇಲೆ ಬಾಯಿಗೆ ಕರವಸ್ತ್ರ ಕಟ್ಟಿಕೊಂಡ ಒಬ್ಬ ಪುಣ್ಯಾತ್ಮ ಬಂದು ಮೂರು ಸಲ ಕೇಳಿದ, ಇವಳು ಮೂರು ಸಲ ನಕ್ಕಳು. ಅವನು ದೂರು ಬರೆದ. ಶನಿವಾರ ಬೆಳಗ್ಗೆ ಹತ್ತಕ್ಕೆ ಡಾಕ್ಟರು ಬಂದು ಅವಳ ಬೆನ್ನ ಹಿಂದೆ ನಿಂತು ಹತ್ತು ಪ್ರಶ್ನೆ ಕೇಳುತ್ತಾರೆ, ಏಳಕ್ಕಾದರೂ ಉತ್ತರ ಬರದಿದ್ದರೆ ಡಿಪೊದ ಟೈರ್ ಗೋದಾಮಿಗೆ ವರ್ಗ ಎಂದು ಆದೇಶ ಬಂತು. “ಛಲೋ ಆತು, ಟೈರುಗಳು ಏನೂ ಕೇಳಂಗಿಲ್ಲ,” ಎಂದು ಅವಳು ನಕ್ಕಳು. ರಾತ್ರಿಯೂಟ ಮಾತ್ರ ಹಾಗೇ ಬಿಟ್ಟಳು.

ಕಿವಿಯಂತ್ರ ಸಿಗುವುದು ಗುರುಶಾಂತಪ್ಪನ ಕನ್ನಡಕದಂಗಡಿಯಲ್ಲಿ ಮಾತ್ರ, ಅದೂ ಒಂದೇ ಒಂದು. ಅಷ್ಟು ನಗದು ಮನೆಯಲ್ಲಿರಲಿಲ್ಲ. ಕೈಗಡ ನಮ್ಮೂರಲ್ಲಿ ಆಗದ ಮಾತು. ಕೊಟ್ಟವನ ಮನಸ್ಸು ದಿನಾ ಬೆಳಗ್ಗೆ ಎದ್ದು ಒಮ್ಮೆ ಎಳೆಯುತ್ತದೆ. ನನ್ನ ಹತ್ತಿರ ಇದ್ದದ್ದು ಬಿಟ್‌ಕಾಯಿನ್. ಯಾವುದೋ ದ್ವೀಪದಲ್ಲಿ ಮಾತಾಡುವ ಗೊಂಬೆ ಮಾಡುವವರು ಫೋನಿನಲ್ಲಿ ನನ್ನನ್ನು ಹುಡುಕಿ, ಇನ್ನೂರ ಹನ್ನೆರಡು ದನಿಗಳನ್ನು ಕೊಂಡಿದ್ದರು. ನವಿಲು, ಹೊಗೆ ಕಾರುವ ಬಸ್ಸು, ಸೀನುವ ಅಜ್ಜಿ, ಹಾಲಿನ ಕ್ಯಾನಿನ ಮುಚ್ಚಳ, ಎಲ್ಲ. ಅವರು ಕೊಡುವುದು ಅದೊಂದೇ ಬಗೆಯ ರೊಕ್ಕ. ಅದನ್ನು ರೂಪಾಯಿ ಮಾಡಿಕೊಳ್ಳಲು ಕೇಳಿದರೆ ‘ಏಳು ಕೆಲಸದ ದಿನ’ ಎಂದು ಬಂತು. ನನಗಿದ್ದದ್ದು ಅರ್ಧ ದಿನ.

ಆಗ ನೆನಪಾದದ್ದು ಗುರುಶಾಂತಪ್ಪನ ಬಾಗಿಲಿನ ಚೀಟಿ. ಅವನ ಮಗಳು ನೀಲಾಂಬಿಕಾ ದೂರದ ಊರಲ್ಲಿ ಓದುತ್ತಾಳೆ. ದಸರೆಗೆ ಬಂದಾಗ ಅಪ್ಪನ ಫೋನಿನಲ್ಲಿ ಏನೇನೋ ಕೂಡಿಸಿ, ಚುಕ್ಕಿಚೌಕಗಳ ಒಂದು ಚಿತ್ರ ಅಂಟಿಸಿ, ಕೆಳಗೆ ‘ಇಲ್ಲಿ ಬಿಟ್‌ಕಾಯಿನ್ ಸ್ವೀಕರಿಸುತ್ತೇವೆ’ ಎಂದು ಬರೆದು ಹೋಗಿದ್ದಳು. ಇದುವರೆಗೆ ಯಾರೂ ಕೊಟ್ಟಿರಲಿಲ್ಲ. ಮಗಳು ಅಂಟಿಸಿದ್ದಲ್ಲವೇ ಎಂದು ಗುರುಶಾಂತಪ್ಪ ಪ್ರತಿ ಶುಕ್ರವಾರ ಅದಕ್ಕೆ ಊದಿನಕಡ್ಡಿ ಬೆಳಗಿ, ನಟ್ಟನಡುವೆ ಕುಂಕುಮ ಇಡುತ್ತಿದ್ದ.

ಆ ಕುಂಕುಮದಿಂದಲೇ ನನ್ನ ಪೇಚಾಟ ಶುರುವಾಯಿತು. ಫೋನು ಹಿಡಿದರೆ ಚಿತ್ರ ಓದುತ್ತಿಲ್ಲ. ಎಂಜಲು ಹಚ್ಚಿ ಒರೆಸಿದೆ. ಕುಂಕುಮ ಇನ್ನೂ ನಾಲ್ಕು ಚೌಕಗಳಿಗೆ ಹರಡಿತು. ಗುರುಶಾಂತಪ್ಪನ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ ಮೇಲೆ ಓದಿತು. ಓದಿದ್ದು ಸರಿಯೋ? ಒಂದು ಅಕ್ಷರ ತಪ್ಪಿದರೂ ರೊಕ್ಕ ಹೋಗಿ ಯಾರದೋ ಮಡಿಲಿಗೆ ಬೀಳುತ್ತದೆ, ವಾಪಸು ಬಾ ಎಂದರೆ ಬರುವುದಿಲ್ಲ ಎಂದು ಕೇಳಿದ್ದೆ. ಅವನ ಫೋನನ್ನು ಕಟ್ಟೆಯ ಮೇಲಿಡಿಸಿ, ಅದರ ವಿಳಾಸವನ್ನೂ ನನ್ನದರಲ್ಲಿ ಮೂಡಿದ್ದನ್ನೂ ಅಕ್ಷರ ಅಕ್ಷರ ತಾಳೆ ನೋಡಿದೆ. ಮೂರು ಸಲ ನೋಡಿದೆ. ಒತ್ತಿದೆ.

“ಎಷ್ಟು ಕೊಟ್ಟಿ ತೋರಸು,” ಎಂದ ಗುರುಶಾಂತಪ್ಪ. ಕನ್ನಡಕ ಏರಿಸಿ ನೋಡಿದ. “ಸೊನ್ನಿ, ಚುಕ್ಕಿ, ಸೊನ್ನಿ, ಸೊನ್ನಿ... ಅಲ್ಲೋ ಮೌನೇಶ, ಇಷ್ಟು ಸೊನ್ನಿ ಕೊಟ್ಟು ನನ್ನ ಕಿವಿ ಒಯ್ತೀಯೇನು?”

“ಸೊನ್ನಿ ಆದಮ್ಯಾಗ ಮೂರು ಐತಿ ನೋಡ್ರಿ ಗುರುಶಾಂತಣ್ಣಾರ. ಅದರಾಗ ಎಲ್ಲಾ ಐತಿ.”

“ಇರ್ಲಿ, ಇರ್ಲಿ. ನನ್ನ ಮಗಳೇ ಅಂಟಿಸ್ಯಾಳ ಅಂದಮ್ಯಾಲ ಆತು. ತಗೋ.”

ತಗೋ ಎಂದನೇ ಹೊರತು ಬಿಡಲಿಲ್ಲ. ನಾನು ಎಳೆದೆ, ಎಳೆದೆ, ಎಳೆದೆ. ಆಗಲೇ ಪಕ್ಕದ ಗಡಿಯಾರದಂಗಡಿಯ ಖಾಜಾಸಾಬ ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಎಪ್ಪತ್ತು ದಾಟಿದ ಮುದುಕ. ಗಡಿಯಾರ ರಿಪೇರಿಗೆ ತರುವವರು ಕಡಿಮೆಯಾದಂದಿನಿಂದ ಬೇರೆಯವರ ಹೊತ್ತು ನೋಡುವುದೇ ಅವನ ಹೊತ್ತು.

“ರೊಕ್ಕ ಕಾಣಂಗಿಲ್ಲ, ಕಿವಿ ಕೇಳಂಗಿಲ್ಲ. ವ್ಯಾಪಾರ ಅಂದ್ರ ಇದು,” ಎಂದ. “ಏನಂತಾರೋ ಇದಕ್ಕ?”

“ಬಿಟ್‌ಕಾಯಿನ್, ಚಾಚಾ.”

“ಹೌದಲ್ಲ ಮತ್ತ, ಬಿಟ್ಟು ಕಾಯೂದು. ನೀ ಬಿಟ್ಟಿ. ಅವ ಕಾಯಾಕತ್ತಾನ.”

ಕಾಯಬೇಕಾದದ್ದು ನಿಜವೇ. ಆರು ಸಲ ದೃಢೀಕರಣ ಆಗಬೇಕು, ಒಂದೊಂದಕ್ಕೆ ಹತ್ತು ನಿಮಿಷ ಎಂದು ಫೋನು ಹೇಳುತ್ತಿತ್ತು. ಗುರುಶಾಂತಪ್ಪ ಕೇಳಿದ, “ಯಾರು ದೃಢಪಡಸೋರು?”

“ಜಗತ್ತಿನ ಮೂಲಿಮೂಲಿಯಾಗ ಕುಂತ ಮಂದಿ.”

“ಅವರಿಗೆ ನನ್ನ ಪರಿಚಯ ಐತೇನು?”

“ಇಲ್ಲ.”

“ನಿನ್ನ ಪರಿಚಯ?”

“ಇಲ್ಲ.”

“ಅದಕ್ಕ ದೃಢಪಡಸ್ತಾರ ಬಿಡು. ಪರಿಚಯ ಇದ್ದಿದ್ರ ಒಬ್ಬನೂ ಪಡಸ್ತಿರಲಿಲ್ಲ.”

ಖಾಜಾಸಾಬ ತೊಡೆ ತಟ್ಟಿ ನಕ್ಕ. ನಾನೂ ನಕ್ಕೆ. ನಗುತ್ತಲೇ ಗೋಡೆಯ ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು ನಿಮಿಷ. ಶುಕ್ರವಾರ ಗುರುಶಾಂತಪ್ಪ ಐದಕ್ಕೆ ಬಾಗಿಲು ಹಾಕಿ ಮಠಕ್ಕೆ ಹೋಗುತ್ತಾನೆ. ಶನಿವಾರ ತೆಗೆಯುವುದು ಹನ್ನೊಂದಕ್ಕೆ. ಡಾಕ್ಟರು ಬರುವುದು ಹತ್ತಕ್ಕೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಕಾಯುವಾಗ ನಾನು ಸುಮ್ಮನೆ ಕಾಯುತ್ತಿರಲಿಲ್ಲ. ಫೋನಿನಲ್ಲಿ ಬಿಟ್‌ಕಾಯಿನ್ನಿನ ಬೆಲೆ ತೋರಿಸುವ ಒಂದು ಹಸಿರು ಗೆರೆ ಇದೆ. ಮೂರು ವಾರದಿಂದ ಮಂಕು ಹಿಡಿದು ಮಲಗಿದ್ದ ಅದು, ನಾನು ರೊಕ್ಕ ಕಳಿಸಿದ ಹತ್ತನೆಯ ನಿಮಿಷಕ್ಕೆ ಎದ್ದು ಕೂತಿತು. ಇಪ್ಪತ್ತನೆಯ ನಿಮಿಷಕ್ಕೆ ಕಾಲೂರಿ ನಿಂತಿತು. ಆಮೇಲೆ ಏಣಿ ಹತ್ತತೊಡಗಿತು. ಒಂದು ಕಣ್ಣು ಕಿವಿಯಂತ್ರದ ಮೇಲೆ, ಒಂದು ಕಣ್ಣು ಆ ಗೆರೆಯ ಮೇಲೆ. ಹೀಗೇ ಏರಿದರೆ ವಾರದೊಳಗೆ ಅಷ್ಟೇ ರೊಕ್ಕಕ್ಕೆ ಎರಡು ಕಿವಿ ಬರುತ್ತಿದ್ದವಲ್ಲ?

ನಾಲ್ಕು ಇಪ್ಪತ್ತಕ್ಕೆ ಮೂರು ದೃಢೀಕರಣ ಆದವು. ತೋರಿಸಿದೆ. “ಹಂಗೇನು, ಭಾಳ ಸಂತೋಷ,” ಎಂದ ಗುರುಶಾಂತಪ್ಪ. ಕಿವಿಯಂತ್ರ ಕಬ್ಬಿಣದ ಗೂಟದಂತೆ ಕೂತೇ ಇತ್ತು. ಅವನಿಗೂ ನಾಚಿಕೆಯಾಯಿತು, ಮರ್ಯಾದಸ್ಥ ಅಂಗಡಿಕಾರನಿಗೆ ತನ್ನ ಮನಸ್ಸು ಹೀಗೆ ಎಲ್ಲರೆದುರು ಕಟ್ಟೆಯ ಮೇಲೆ ಕೂತಿರುವುದು ಅವಮಾನವೇ. “ನಾ ಏನ್ ಮಾಡ್ಲೋ ಮೌನೇಶ? ಬಿಡು ಬಿಡು ಅಂತೀನಿ, ಬಿಡವಲ್ದು. ನೀಲಾನಾದ್ರೂ ಒಂದು ಮಾತು ಹೌದು ಅಂದಿದ್ರ... ಪರೀಕ್ಷಿ ಅಂತ, ಸಂಜೀತನಕ ಅಕಿ ಫೋನು ಬಂದ್.”

ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ಬಾಳೆಗೊನೆ ಮತ್ತೆ ಚಿಗುರಿತು. ನೀಲಾಂಬಿಕಾಳ ದನಿ ನನಗೆ ಗೊತ್ತು. ಎರಡು ಮಾತಿಗೊಮ್ಮೆ ‘ಹಾಂ?’ ಎನ್ನುತ್ತಾಳೆ. ‘ಅಪ್ಪಾಜೀ’ ಎನ್ನುವಾಗ ಕೊನೆಯ ದೀರ್ಘವನ್ನು ಉಯ್ಯಾಲೆಯಂತೆ ಒಮ್ಮೆ ತೂಗಿ ಇಳಿಸುತ್ತಾಳೆ.

“ಚಾಚಾ, ನಿಮ್ಮ ಅಂಗಡ್ಯಾಗ ನೀರೈತೇನು?”

“ಒಳಗ ಗಡಿಗ್ಯಾಗ ಐತಿ, ಕುಡಿ ಹೋಗು.”

ಖಾಜಾಸಾಬನ ಅಂಗಡಿಯ ಒಳಕೋಣೆಯಲ್ಲಿ ನೂರು ನಿಂತ ಗಡಿಯಾರಗಳ ನಡುವೆ ತಂತಿಯ ಫೋನಿತ್ತು. ಗುರುಶಾಂತಪ್ಪನ ಅಂಗಡಿಯ ತಂತಿ ಫೋನಿಗೆ ಮಾಡಿದೆ. ಗೋಡೆಯಾಚೆ ಅದು ಬಡಿದುಕೊಂಡದ್ದು ನನಗೇ ಕೇಳಿಸಿತು. ಟವೆಲಿನಿಂದ ಬಾಯಿ ಮುಚ್ಚಿಕೊಂಡೆ.

“ಅಪ್ಪಾಜೀ, ಊಟ ಆತೇನು? ಪರೀಕ್ಷಿ ಲಗೂನ ಮುಗೀತು. ಅಂಗಡಿ ಲೆಕ್ಕ ನನ್ನ ಫೋನಿನ್ಯಾಗೂ ಕಾಣತೈತಿ, ಹಾಂ? ರೊಕ್ಕ ಬಂದೈತಿ. ಮಾಲು ಕೊಟ್ಟು ಕಳಸ್ರಿ, ಹಾಂ?”

“ಅವ್ವಾ,” ಎಂದ ಆ ಕಡೆಯಿಂದ ಗುರುಶಾಂತಪ್ಪ, “ಎರಡು ವಾರ ಆತಲ್ಲಬೇ ನೀ ಫೋನ್ ಮಾಡಿ.”

ಫೋನು ಇಟ್ಟುಬಿಟ್ಟೆ.

ವಾಪಸು ಬಂದಾಗ ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ. “ನೀಲಾ ಮಾಡಿದ್ಲು. ಊಟ ಆತೇನು ಅಂದ್ಲು. ರೊಕ್ಕ ಬಂದೈತಂತ ನೋಡು, ನಾ ಸುಮ್ಮನ... ತಗೋ ಮಾರಾಯ, ತಗೋ.” ಕೈ ಹಾಕಿದೆ. ಕಿವಿಯಂತ್ರ ಹತ್ತಿಯ ಎಳೆಯಂತೆ ಎದ್ದು ನನ್ನ ಅಂಗೈಗೆ ಬಂತು. ಹೊರಟುಬಿಡಬೇಕಿತ್ತು. ಕಾಲು ಹೊರಡಲಿಲ್ಲ. ನಾಳೆ ಹತ್ತೂಕಾಲಿಗೆ, ಆರನೆಯದೋ ಏಳನೆಯದೋ ಪ್ರಶ್ನೆಯ ನಡುವೆ, ನಿಜವಾದ ನೀಲಾ ಅಪ್ಪನಿಗೆ ಫೋನು ಮಾಡುತ್ತಾಳೆ ಅಂದುಕೊಳ್ಳಿ. ಇದು ಆಗ ಸುಲೋಚನಾಳ ಕಿವಿಯಲ್ಲಿರುತ್ತದೆ. ಮಂಚ ಮುರಿದ ಸದ್ದು ನನ್ನ ತಲೆಯೊಳಗೆ ಮತ್ತೊಮ್ಮೆ ಆಯಿತು.

ಅಷ್ಟರಲ್ಲಿ ಗುರುಶಾಂತಪ್ಪ, “ಅಕಿ ಮಾರಿ ನೋಡಿ ಮಾತಾಡೂಣು, ಇದರಾಗ ಕಾಣತಾಳಲ್ಲ,” ಎಂದು ಕಟ್ಟೆಯ ಮೇಲಿದ್ದ ತನ್ನ ಫೋನಿಗೆ ಕೈ ಹಾಕಿದ. ಅದು ಏಳಲಿಲ್ಲ. ಎರಡು ಕೈ ಹಾಕಿದ. ಕುತ್ತಿಗೆಯ ನರ ಉಬ್ಬಿದವು. ಫೋನು ಕಲ್ಲಿಗೆ ಬೆಸೆದುಕೊಂಡಂತೆ ಕೂತಿತ್ತು. ರೊಕ್ಕ ಬಂದು ಬಿದ್ದಾಗಿನಿಂದ ಅದನ್ನು ಯಾರೂ ಎತ್ತಿ ನೋಡಿರಲಿಲ್ಲ.

“ಇದ್ಯಾಕ? ಫೋನು ನಂದೇ ಅಲ್ಲ?”

ಖಾಜಾಸಾಬ ಸ್ಟೂಲಿನಿಂದ ಎದ್ದು ಬಂದು, ಗಡಿಯಾರದ ಒಡಲು ನೋಡುವವನಂತೆ ಬಗ್ಗಿ ಫೋನನ್ನೂ ನನ್ನನ್ನೂ ನೋಡಿದ. “ಫೋನು ನಿಂದು. ಒಳಗಿನ ರೊಕ್ಕ ಇನ್ನೂ ಇವಂದು. ತಾಸಿನಿಂದ ನಾವೆಲ್ಲ ನಿನ್ನ ಮನಸ್ಸು ನೋಡಿಕೋತ ಕುಂತಿದ್ವಿ ಗುರುಶಾಂತಪ್ಪ. ಬಿಡದೇ ಇದ್ದಾವ ಇವ.”

“ನಾನಾ?” ಎಂದೆ. ನನ್ನ ಎಡಗೈಯಲ್ಲಿ ಹಸಿರು ಗೆರೆ ಇನ್ನೊಂದು ಮೆಟ್ಟಿಲು ಹತ್ತಿತು. ನಾನು ಅದನ್ನು ನೋಡಿದ್ದನ್ನು ಅವನು ನೋಡಿದ.

ಗುರುಶಾಂತಪ್ಪನಿಗೆ ಏನೂ ಅರ್ಥವಾಗಲಿಲ್ಲ. “ರೊಕ್ಕ ಬಂದೈತಂತ ನೀಲಾನೇ ಹೇಳ್ಯಾಳ. ತಡೀರಿ, ಅಕಿನ್ನೇ ಕೇಳೂಣು,” ಎಂದು ತಂತಿ ಫೋನಿನ ಕಡೆ ತಿರುಗಿ, ಹಾಸ್ಟೆಲಿನ ನಂಬರು ಬರೆದಿಟ್ಟ ಚೀಟಿ ಹುಡುಕತೊಡಗಿದ. ಚೀಟಿ ಸಿಕ್ಕಿತು. ಒಂದು ಅಂಕಿ ಒತ್ತಿದ. ಎರಡು. ಮೂರು.

“ಗುರುಶಾಂತಣ್ಣಾರ, ಇಡ್ರಿ ಫೋನು,” ಎಂದೆ. “ಆಗಿನ ದನಿ ನಂದು.”

ಮಾತು ಮುಗಿಯುವ ಮೊದಲೇ ಅಂಗೈಯಲ್ಲಿದ್ದ ಹತ್ತಿಯ ಎಳೆ ರುಬ್ಬುಗುಂಡಾಯಿತು. ಕೈ ಕಟ್ಟೆಗೆ ಬಡಿಯಿತು. ನಾನು ಬಗ್ಗಿದೆ, ಮೊಣಕಾಲೂರಿದೆ, ಕೂಗಿದೆ. ಆ ಕೂಗು ಮಾತ್ರ ಯಾರ ಅನುಕರಣೆಯೂ ಆಗಿರಲಿಲ್ಲ. ಬಲಗೈ ಕಲ್ಲಿಗೂ ಕಿವಿಗೂ ನಡುವೆ ಸಿಕ್ಕಿಕೊಂಡಿತ್ತು. ಗುರುಶಾಂತಪ್ಪ ಬೈಯುತ್ತಾನೆ ಅಂದುಕೊಂಡೆ. ಅವನು ಬೈಯಲಿಲ್ಲ. ರಿಸೀವರನ್ನು ನಿಧಾನ ಇಟ್ಟು, “ಹಂಗಾದ್ರ ಅಕಿ ಮಾಡಿಲ್ಲ,” ಎಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹಾಗೇ ಐದು ಹೊಡೆಯಿತು. ಅವನು ಬಾಗಿಲು ಹಾಕುವಂತಿರಲಿಲ್ಲ, ಒಳಗೆ ನಾನು ಸಿಕ್ಕಿಕೊಂಡಿದ್ದೆ. ಮಠಕ್ಕೆ ಹೋಗುವಂತಿರಲಿಲ್ಲ, ಅವನ ಫೋನು ಸಿಕ್ಕಿಕೊಂಡಿತ್ತು. ಜಗತ್ತಿನ ಮೂಲೆಮೂಲೆಯವರು ತಮ್ಮ ಕೆಲಸ ಮುಗಿಸಿದ್ದರು, ಆರಕ್ಕೆ ಆರು. ನಾವು ಮೂವರು ಮಾತ್ರ ಒಂದು ಕಟ್ಟೆಯ ಸುತ್ತ ದೃಢವಾಗದೆ ನಿಂತಿದ್ದೆವು. ಬೆರಳುಗಳು ಜೋಮು ಹಿಡಿಯತೊಡಗಿದ್ದವು.

ಐದೂ ಹತ್ತಕ್ಕೆ ಸುಲೋಚನಾ ಬಂದಳು. ಡ್ಯೂಟಿ ಮುಗಿಸಿ, ಚೀಲ ಹೆಗಲಿಗೆ ಹಾಕಿಕೊಂಡು, ಗಂಡ ಹೊಸ ಕಿವಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ ಎಂದು ನಗುತ್ತ ಬಂದವಳು, ಗಂಡ ಮೊಣಕಾಲೂರಿ ಕಟ್ಟೆಗೆ ಕೈ ಕೊಟ್ಟುಕೊಂಡಿದ್ದನ್ನು ಕಂಡು ನಿಂತಳು. ಖಾಜಾಸಾಬ ಅವಳೆದುರು ನಿಂತು, ತುಟಿಯನ್ನು ಅಗಲ ಮಾಡಿ ಎಲ್ಲವನ್ನೂ ಹೇಳಿದ. ನೀರು ಕುಡಿಯಲು ಹೋದದ್ದನ್ನೂ ಬಿಡಲಿಲ್ಲ. ಅವಳು ಗುರುಶಾಂತಪ್ಪನ ಕಡೆ ತಿರುಗಿ ಕೈಮುಗಿದಳು. ಆಮೇಲೆ ನನ್ನ ಪಕ್ಕ ಬಂದು ಕುಕ್ಕರಗಾಲಿನಲ್ಲಿ ಕೂತಳು.

“ಇದೇನ್ರೀ, ಹಸಿರು ಗೆರಿ?”

ನಾನು ಅವಳ ಕಡೆ ಮುಖ ಮಾಡಿ, ಮೆಲ್ಲಗೆ ತುಟಿಯಾಡಿಸಿದೆ. “ಬೆಲಿ. ನಾ ಕೊಟ್ಟಮ್ಯಾಲೆ ಏರಾಕತ್ತೈತಿ. ಒಂದು ವಾರ ತಡದಿದ್ರ ಎರಡೂ ಕಿವಿ ಬರ್ತಿದ್ವೇನೋ ಸುಲೂ. ನಿನಗ ಒಂದ ಕೊಡಸಾಕತ್ತೀನಲ್ಲ ಅಂತ...”

“ನಾಳೆ ಹತ್ತಕ್ಕ ಡಾಕ್ಟರು ಬರ್ತಾರ. ಒಂದು ವಾರ ತಡೀರಿ ಅಂತ ಅವರಿಗೂ ಹೇಳ್ತೀರೇನು?”

ಅವಳು ಸ್ವಲ್ಪ ಹೊತ್ತು ನನ್ನ ಸಿಕ್ಕಿಕೊಂಡ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು, “ಇನ್ನೂರ ಹನ್ನೆರಡು ದನಿ ಮಾರಿದ್ರಿ. ಅದರಾಗ ನಾ ಎಷ್ಟು ಕೇಳೀನಿ?”

ಅವುಗಳನ್ನೆಲ್ಲ ನಾನು ಈ ಎರಡು ತಿಂಗಳಲ್ಲಿ ಬಚ್ಚಲುಮನೆಯಲ್ಲಿ ಕೂತು ಧ್ವನಿಮುದ್ರಿಸಿದ್ದೆ. ಮದುವೆಯಾದಾಗಿನಿಂದ ನಾನು ಹೊಸದೇನು ಕಲಿತರೂ ಮೊದಲು ಕೇಳಿ, ‘ನವಿಲಿಗೆ ನೆಗಡಿ ಆಗೇತಿ’ ಎಂದು ತಪ್ಪು ತೋರಿಸುತ್ತಿದ್ದವಳು ಅವಳು. ಈ ಸಲ ಕೇಳಿಸಲಿಲ್ಲ. ಹೇಗೂ ಅವಳಿಗೆ ಕೇಳಿಸುವುದಿಲ್ಲ ಎಂದು ಬಾಗಿಲು ಹಾಕಿಕೊಂಡಿದ್ದೆ.

“ನಿಮಗ ಗೊತ್ತಿಲ್ಲ,” ಎಂದಳು. “ಬಚ್ಚಲ ಬಾಗಲ ಸಂದ್ಯಾಗ ನೋಡ್ತಿದ್ದೆ. ಕುತ್ತಿಗಿ ನರ ನೋಡಿ, ಇವತ್ತ ನವಿಲು, ಇವತ್ತ ಬಸ್ಸು ಅಂತ ಅಂದಾಜು ಮಾಡ್ತಿದ್ದೆ. ಹಾಲಿನ ಕ್ಯಾನಿಂದು ಮಾತ್ರ ಏನು ಅಂತ ತಿಳೀಲಿಲ್ಲ. ನರ ಭಾಳ ಉಬ್ಬಿತ್ತು. ಮಲಬದ್ಧತಿ ಏನೋ ಅಂದ್ಕೊಂಡೆ.”

ಖಾಜಾಸಾಬನಿಗೆ ತಡೆಯಲಾಗಲಿಲ್ಲ, ಗೋಡೆಯ ಕಡೆ ತಿರುಗಿ ಭುಜ ಕುಲುಕಿಸಿದ. ಸುಲೋಚನಾ ನಗದೆ ಮುಂದುವರಿಸಿದಳು, “ಎರಡು ಕಿವಿ ಬ್ಯಾಡ್ರಿ ನನಗ. ನಿಮ್ಮ ಮಾತು ಒಂದರಾಗ ಕೇಳಿದ್ರ, ಹೊರಗ ಬಿಡಾಕ ಇನ್ನೊಂದು ಖಾಲಿ ಇರ್ಲಿ. ಆದ್ರ ಆ ಕ್ಯಾನಿನ ಮುಚ್ಚಳ ನಾ ಕೇಳಬೇಕು. ಇವತ್ತ ಕೇಳಬೇಕು.”

ನಾನು ಅವಳ ಮುಖ ನೋಡುತ್ತಿದ್ದೆ. ಎಷ್ಟು ಹೊತ್ತು ನೋಡಿದೆನೋ. ಕ್ಯಾನಿನ ಮುಚ್ಚಳದ ದನಿಗೆ ಗಂಟಲು ತಾನಾಗಿ ತಯಾರಾಗುತ್ತಿತ್ತು. ಹಸಿರು ಗೆರೆ ಈಗ ಎಲ್ಲಿದೆ, ಹತ್ತಿತೋ ಇಳಿಯಿತೋ, ಮೂರೂವರೆಯಿಂದ ಮೊದಲ ಸಲ ನನಗೆ ಗೊತ್ತಿರಲಿಲ್ಲ.

ಫಟ್ ಎಂದು ಸದ್ದಾಯಿತು. ಗುರುಶಾಂತಪ್ಪ ಬೇಸರಕ್ಕೆ ತನ್ನ ಫೋನನ್ನು ಮತ್ತೊಮ್ಮೆ ಜೋರಾಗಿ ಜಗ್ಗಿದ್ದ. ಅದು ಇದ್ದಕ್ಕಿದ್ದಂತೆ ಎದ್ದು ಬಂದು ಅವನ ಹಣೆಗೇ ಬಡಿದಿತ್ತು.

“ಅಯ್ಯಪ್ಪಾ!” ಎಂದು ಹಣೆ ಉಜ್ಜಿಕೊಂಡ. ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿ ನೋಡಿದ. ಎರಡು ಬೆರಳಲ್ಲಿ ಹಿಡಿದು ನೋಡಿದ. ಆರು ದೃಢೀಕರಣಕ್ಕೂ ಅರಳದ ಅವನ ಮುಖ ಈಗ ಅರಳಿತು. “ಹಗುರಾತು. ರೊಕ್ಕ ಖರೇನ ನಂದಾತು.”

ನಾನು ಬಲಗೈ ಎಳೆದೆ. ಬರಲಿಲ್ಲ.

ಅವನು ನನ್ನನ್ನೇ ನೋಡುತ್ತಿದ್ದ. “ರೊಕ್ಕದ್ದು ಆತು ಮೌನೇಶ. ಆ ದನೀದು? ಇನ್ನ ನೀ ಊರಾಗ ಇರೂ ತನಕ ನನ್ನ ಮಗಳು ಅಪ್ಪಾಜೀ ಅಂದ್ರ ಅಕಿನೋ ನೀನೋ ಅಂತ ನಾ ಹೆಂಗ ತಿಳಕೊಳ್ಳಲಿ? ಎರಡು ವಾರಕ್ಕೊಮ್ಮಿ ಬರೂ ಫೋನದು.”

ಅನುಕರಣೆ ಮಾಡುವವನಿಗೆ ಒಂದು ದನಿ ಅಂದರೆ ಬಡಗಿಗೆ ಒಂದು ಉಳಿ ಇದ್ದ ಹಾಗೆ. ಸುಲಭಕ್ಕೆ ಕೊಡಲಾಗುವುದಿಲ್ಲ. ಆದರೆ ಅವನು ಕಣ್ಣೊರೆಸಿಕೊಂಡದ್ದು ನನ್ನ ಕಣ್ಣ ಮುಂದೆಯೇ ಇತ್ತು. “ಆ ದನಿ ಇಲ್ಲೇ ಬಿಟ್ಟು ಹೋಗ್ತೀನಿ ಗುರುಶಾಂತಣ್ಣಾರ,” ಎಂದೆ. “ಬಿಟ್ಟೆ.” ಹೇಳಿದ ಮೇಲೆ ಪರೀಕ್ಷೆಗೆಂದು ಒಳಗೊಳಗೇ ಆ ಉಯ್ಯಾಲೆಯ ‘ಜೀ’ಯನ್ನು ತೂಗಲು ನೋಡಿದೆ. ಗಂಟಲಲ್ಲಿ ಅದು ಇದ್ದ ಜಾಗ ಖಾಲಿ ಇತ್ತು. ಇವತ್ತಿಗೂ ಖಾಲಿಯೇ.

ಕಿವಿಯಂತ್ರ ಉಸಿರಿಗೆ ಹಾರುವಷ್ಟು ಹಗುರಾಯಿತು. ಗುರುಶಾಂತಪ್ಪನೇ ಅದನ್ನು ನನ್ನ ಕೆಂಪಾದ ಅಂಗೈಯಿಂದ ಎತ್ತಿ, ಒರೆಸಿ, ಸುಲೋಚನಾಳ ಬಲಗಿವಿಗೆ ಕೂಡಿಸಿದ. ನಾನು ಅಲ್ಲೇ, ಆ ಮೊಣಕಾಲ ಮೇಲೇ, ಹಾಲಿನ ಕ್ಯಾನಿನ ಮುಚ್ಚಳ ತೆಗೆದೆ. ಅವಳು ತಲೆ ಓರೆ ಮಾಡಿ ಪೂರ್ತಿ ಕೇಳಿದಳು.

“ಮುಚ್ಚಳ ಛಲೋ ಐತಿ,” ಎಂದಳು. “ಕ್ಯಾನಿನ್ಯಾಗ ಹಾಲಿಲ್ಲ. ತುಂಬಿದ ಕ್ಯಾನು ಹಂಗ ಒದರಂಗಿಲ್ಲ.”

ಮರುದಿನ ಡಾಕ್ಟರು ಅವಳ ಬೆನ್ನ ಹಿಂದೆ ನಿಂತು ಹತ್ತು ಪ್ರಶ್ನೆ ಕೇಳಿದರು. ನಾನು ಕಿಟಕಿಯ ಈಚೆ, ಉಗುರು ಕಚ್ಚಿಕೊಂಡು ನಿಂತಿದ್ದೆ. ಒಂದೊಂದು ಪ್ರಶ್ನೆಗೂ ಅವಳ ಕಿವಿ ಜೋತು ಬೀಳುತ್ತದೆಯೇನೋ ಎಂದು ನೋಡುತ್ತಿದ್ದೆ. ಬೀಳಲಿಲ್ಲ. ಒಂಬತ್ತಕ್ಕೆ ಉತ್ತರ ಕೊಟ್ಟಳು. ಹತ್ತನೆಯದಕ್ಕೆ, “ಇದು ಬಸ್ಸಿನ ಪ್ರಶ್ನಿ ಅಲ್ಲ, ಆದ್ರೂ ಹೇಳ್ತೀನಿ,” ಎಂದು ಡಾಕ್ಟರ ಮಂಡಿನೋವಿಗೆ ಎಣ್ಣೆಯ ಹೆಸರು ಬರೆದುಕೊಟ್ಟಳು.

ಇಷ್ಟಾದರೂ ನಾನು ಪೂರ್ತಿ ನೆಮ್ಮದಿಯಾಗಿದ್ದೇನೆ ಎಂದರೆ ಸುಳ್ಳು. ಬಿಟ್ಟೆ ಎಂದದ್ದು ಬಿಟ್ಟೇ ಇರುತ್ತದೆ ಎಂದು ಯಾರು ಹೇಳಬೇಕು? ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಅಟ್ಟಕ್ಕೆ ಹೋಗಿ ಕೂತಿದ್ದೆ. ಸುಲೋಚನಾ ಕೆಳಗೆ ಅಡುಗೆಮನೆಯಲ್ಲಿದ್ದಳು. ಸುಮ್ಮನೆ, ಒಂದೇ ಒಂದು ಸಲ, ಆ ಹಸಿರು ಗೆರೆ ಎಲ್ಲಿಗೆ ಬಂತೋ ನೋಡೋಣ ಎಂದು ಫೋನು ತೆರೆದೆ. ಗೆರೆ ಬೆಟ್ಟ ಹತ್ತಿ ಕೂತಿತ್ತು. ಎರಡು ಕಿವಿ, ಮೇಲೊಂದು ಮೈಕು ಬರುವಷ್ಟು. ಆ ರೊಕ್ಕ ನನ್ನಲ್ಲೇ ಇದ್ದಿದ್ದರೆ ಎಂದು ಬೆರಳು ಮಡಚಿ ಲೆಕ್ಕ ಹಾಕತೊಡಗಿದೆ. ನಾನು ನೋಡುತ್ತಲೇ ಇದ್ದೆ.

“ರೀ!” ಎಂದು ಕೆಳಗಿನಿಂದ ಸುಲೋಚನಾ ಕೂಗಿದಳು. “ಫೋನು ಕೆಳಗ ಇಡ್ರಿ!”

“ಯಾವ ಫೋನು?” ಎಂದೆ.

“ಕೇಳಸವಲ್ದೇನು ನಿಮಗ?”

ನನಗೆ ಏನೂ ಕೇಳಿಸಲಿಲ್ಲ. ಉಸಿರು ಹಿಡಿದು ಕಿಟಕಿಯ ಬಳಿ ಹೋದೆ. ಆಗ, ಎರಡು ಓಣಿ ಆಚೆಯಿಂದ, ಗುರುಶಾಂತಪ್ಪನ ದನಿ ಬಹಳ ಸಣ್ಣಗೆ ಕಿವಿಗೆ ಬಿತ್ತು:

“ಲೇ ಮೌನೇಶಾ! ಮತ್ತ ನೋಡಾಕತ್ತೀಯೇನೋ! ಫೋನಿನ ಭಾರಕ್ಕ ಅಂಗಿ ಕಿಸೇ ಹರೀತಲೋ!”